ಕಮ್ಮಿ ದುಡ್ಡಲ್ಲಿ ಒಬ್ಬನೇ ಮಂಗಳೂರಿಗೆ ಹೋದ್ರೆ ಊರು ಹೇಗನ್ಸುತ್ತೆ?

ಮೊದಲ ಸಲ ಹೋಗ್ತಿದ್ದೀನಿ, ತುಳು ಬರಲ್ಲ, ಕೈಯಲ್ಲಿ ಜಾಸ್ತಿ ದುಡ್ಡೂ ಇಲ್ಲ, ಕಷ್ಟ ಆಗುತ್ತಾ ಅಂತ ಕೇಳಿದ್ದೀರ. ನಾನು ಚಿತ್ರದುರ್ಗದ ಕಡೆಯವನು, ಹೋದ ನವೆಂಬರಲ್ಲಿ ಒಂದು ಬ್ಯಾಗ್ ಹಾಕ್ಕೊಂಡು ಮೂರು ದಿನ ಹೋಗಿದ್ದೆ, ಅದನ್ನೇ ಹೇಳ್ತೀನಿ.

ಬೆಳಗ್ಗೆ ಬಿಜೈ ಬಸ್ ಸ್ಟ್ಯಾಂಡಲ್ಲಿ ಇಳಿದ ತಕ್ಷಣ ಮೈಗೆ ಅಂಟಿದ್ದು ಸೆಕೆ. ನಮ್ಮ ಕಡೆ ಬಿಸಿಲು ಸುಡುತ್ತೆ ಆದ್ರೆ ನೆರಳಿಗೆ ಹೋದ್ರೆ ಆಯ್ತು, ಇಲ್ಲಿ ನೆರಳಲ್ಲೂ ಬೆವರು. ಊರಿನ ಮಧ್ಯದ ಹಂಪನಕಟ್ಟೆ ಮ್ಯಾಪಲ್ಲಿ ಹತ್ರ ಕಾಣ್ಸುತ್ತೆ ಅಂತ ನಡೆಯೋಕೆ ಹೊರಟೆ, ಊರೆಲ್ಲ ಏರು ಇಳಿಜಾರು ಅನ್ನೋದು ಮ್ಯಾಪಲ್ಲಿ ಎಲ್ಲಿ ಗೊತ್ತಾಗ್ಬೇಕು, ಅರ್ಧ ದಾರಿಗೇ ಸುಸ್ತಾಗಿ ಸಿಟಿ ಬಸ್ ಹತ್ತಿದೆ. ಬಸ್ಸಿನ ತುಂಬಾ ತುಳು. ಕಂಡಕ್ಟರ್ 'ಓಡೆ ಪೋಪಿನಿ' ಅಂದಾಗ ನಾನು ಸುಮ್ನೆ ಮುಖ ನೋಡಿದೆ, ಮರುಕ್ಷಣವೇ ಅವರು 'ಎಲ್ಲಿಗೆ ಹೋಗ್ಬೇಕು ನಿಮಗೆ? ಘಟ್ಟದ ಮೇಲಿನವರಾ? ಬ್ಯಾಗ್ ಇಲ್ಲಿ ಮುಂದೆ ಇಡಿ ಮಾರಾಯ್ರೆ' ಅಂದ್ರು. ಮೂರೂ ದಿನ ಹೀಗೇ ಆಯ್ತು. ತಮ್ಮತಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡ್ತಿರ್ತಾರೆ, ನಮ್ಮ ಕಡೆ ತಿರುಗಿದ್ರೆ ಸ್ಪಷ್ಟ ಕನ್ನಡ. ಹಾಗಾಗಿ ಭಾಷೆ ಬಗ್ಗೆ ಹೆದರಲೇಬೇಡಿ. ಒಂದು ನೆನಪಿಡಿ, ಬಸ್ಸವರು 'ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್' ಅಂತ ಕೂಗೋದು ಸಿಟಿ ಬಸ್ ಸ್ಟ್ಯಾಂಡಿಗೆ, ಎಲ್ಲಾ ಕಡೆಗೂ ಬಸ್ ಅಲ್ಲಿಂದಲೇ. ರಾತ್ರಿ ಎಂಟೂವರೆ ಮೇಲೆ ಬಸ್ ಕಮ್ಮಿ ಆಗುತ್ತೆ, ಅಷ್ಟರಲ್ಲಿ ರೂಮ್ ಸೇರ್ಕೊಳ್ಳಿ.

ರೂಮು ಸೆಂಟ್ರಲ್ ರೈಲ್ವೆ ಸ್ಟೇಷನ್ ಹತ್ರ 600ಕ್ಕೆ ಸಿಕ್ತು, ಚಿಕ್ಕದು ಆದ್ರೆ ಕ್ಲೀನ್. ಊಟಕ್ಕೆ ಕೂತ್ರೆ 'ಕುಚ್ಚಲಾ ಬೆಳ್ತಿಗೆಯಾ' ಅಂತ ಕೇಳ್ತಾರೆ, ಕುಚ್ಚಲು ಅಂದ್ರೆ ಕೆಂಪಗೆ ದಪ್ಪಗಿರೋ ಅಕ್ಕಿ, ಅದನ್ನೇ ಹೇಳಿ. ಬಂಗುಡೆ ಮೀನಿನ ಸಾರಿನ ಜೊತೆ ಅದು ಕೂರೋ ಥರ ಬಿಳಿ ಅನ್ನ ಕೂರಲ್ಲ. ಬೆಳಗ್ಗೆ ಬನ್ಸ್ ತಿನ್ನಿ, ಬಾಳೆಹಣ್ಣು ಹಾಕಿರ್ತಾರೆ, ಬಿಸಿ ಇದ್ದಾಗ ಮುರಿದ್ರೆ ಒಳಗೆ ಸಣ್ಣ ಸಣ್ಣ ಗೂಡು, ಎರಡು ತಿಂದ್ರೆ ಮಧ್ಯಾಹ್ನದ ತನಕ ಹಸಿವೇ ಇಲ್ಲ.

ನೋಡೋಕೆ ದುಡ್ಡೇ ಬೇಡ. ಕದ್ರಿ ದೇವಸ್ಥಾನದಲ್ಲಿ ಕ್ರಿ.ಶ. 968ರ ಕಂಚಿನ ಲೋಕೇಶ್ವರ ಮೂರ್ತಿ ಇದೆ, ಸಾವಿರ ವರ್ಷ ದಾಟಿದೆ. ಸೇಂಟ್ ಅಲೋಶಿಯಸ್ ಚಾಪೆಲ್ ಒಳಗೆ ಹೋದ್ರೆ ಗೋಡೆ, ಚಾವಣಿ ಎಲ್ಲ ಚಿತ್ರ, 1900ರ ಆಸುಪಾಸಲ್ಲಿ ಆಂಟೋನಿಯೋ ಮೊಸ್ಕೇನಿ ಅನ್ನೋ ಇಟಲಿಯವರು ಬರೆದಿದ್ದು, ನಾನು ಬೆಂಚಲ್ಲಿ ಕೂತು ಕುತ್ತಿಗೆ ನೋಯೋ ತನಕ ನೋಡಿದೆ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಸುಲ್ತಾನ್ ಬತ್ತೇರಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು, ಫಲ್ಗುಣಿ ನದಿ ಪಕ್ಕದಲ್ಲೇ. ಅಲ್ಲಿಂದ ದೋಣಿಯಲ್ಲಿ ಆಚೆ ದಡ ತಣ್ಣೀರುಬಾವಿ, ಸ್ವಲ್ಪ ನಡೆದ್ರೆ ಸಮುದ್ರ. ವಾಪಸ್ ಬರೋವಾಗ ಪಕ್ಕದಲ್ಲಿ ಮೀನು ಬುಟ್ಟಿ ಇಟ್ಕೊಂಡು ಒಬ್ರು ಅಜ್ಜಿ ಕೂತಿದ್ರು, ತುಳುವಲ್ಲಿ ಏನೋ ಕೇಳಿದ್ರು, ನನಗೆ ಗೊತ್ತಾಗ್ಲಿಲ್ಲ ಅಂದಾಗ 'ಊಟ ಆಯ್ತಾ ಮಗಾ' ಅಂದ್ರು. ಸಂಜೆ ನಾಲ್ಕು ಗಂಟೆ ಒಳಗೆ ಬತ್ತೇರಿಗೆ ಹೋಗಿ, ಕತ್ತಲಾಗೋ ಮುಂಚೆ ದೋಣಿ ಹಿಡೀಬೇಕು.