ಇಂಗ್ಲಿಷಿನ ‘ಬಿಫೋರ್’ ಪ್ರಿಪೊಸಿಷನ್ನಾ (ನಾಮಪದವನ್ನು ವಾಕ್ಯಕ್ಕೆ ಜೋಡಿಸುವ ಪದ), ಕಂಜಂಕ್ಷನ್ನಾ (ಎರಡು ವಾಕ್ಯಗಳನ್ನು ಜೋಡಿಸುವ ಪದ), ಆಡ್ವರ್ಬಾ (ಕ್ರಿಯಾವಿಶೇಷಣ)?

ಮೂರೂ ಹೌದು. ಪದ ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ, ಅದರ ಮುಂದೆ, ಅಂದರೆ ಅದಾದ ಮೇಲೆ, ಏನು ಬಂದಿದೆ ಅಂತ ನೋಡಬೇಕು.

‘ಐ ರೀಚ್ಡ್ ಮಂಡ್ಯ ಬಿಫೋರ್ ಲಂಚ್.’ ಮುಂದೆ ಬರೀ ನಾಮಪದ ಇದೆ, ಹಾಗಾಗಿ ಪ್ರಿಪೊಸಿಷನ್. ‘ಐ ರೀಚ್ಡ್ ಮಂಡ್ಯ ಬಿಫೋರ್ ದ ರೈನ್ ಸ್ಟಾರ್ಟೆಡ್’ ಅಂದರೆ ಮುಂದೆ ಕರ್ತೃ, ಕ್ರಿಯಾಪದ ಎರಡೂ ಇವೆ, ಅದು ಕಂಜಂಕ್ಷನ್. ‘ಐ ಹ್ಯಾವ್ ಬೀನ್ ಟು ಮಂಡ್ಯ ಬಿಫೋರ್’ ಅಂತ ಅಲ್ಲಿಗೇ ನಿಲ್ಲಿಸಿದರೆ ಆಡ್ವರ್ಬ್.

ನಮಗೆ ಗೊಂದಲ ಆಗುವುದು ಕನ್ನಡದಲ್ಲಿ ಈ ವ್ಯತ್ಯಾಸ ಕಾಣದೇ ಇರುವುದರಿಂದ. ‘ಮಳೆಯಿಂದ ಲೇಟಾಯ್ತು’, ‘ಮಳೆ ಬಂದಿದ್ದರಿಂದ ಲೇಟಾಯ್ತು’, ಎರಡರಲ್ಲೂ ಅದೇ ‘ಇಂದ’ ಅಲ್ವಾ? ಇಂಗ್ಲಿಷಿನಲ್ಲಿ ಮೊದಲನೆಯದು ‘ಬಿಕಾಸ್ ಆಫ್ ದ ರೈನ್’, ಎರಡನೆಯದು ‘ಬಿಕಾಸ್ ಇಟ್ ರೇನ್ಡ್’. ‘ಬಿಕಾಸ್ ಆಫ್ ಇಟ್ ರೇನ್ಡ್’ ಅಂತ ತುಂಬಾ ಜನ ಬರೆಯುತ್ತಾರೆ, ಅದು ತಪ್ಪು. ‘ಡ್ಯೂರಿಂಗ್ ದಸರಾ’ ಸರಿ, ಆದರೆ ಮುಂದೆ ಪೂರ್ತಿ ವಾಕ್ಯ ಬಂದರೆ ‘ವೈಲ್’ ಬೇಕು.

ಈ ಮೂರೂ ಬಗೆಯ ಪದಗಳು ಒಂದೇ ವಾಕ್ಯದಲ್ಲಿ ಸೇರುವುದನ್ನು ನೋಡಿ: ‘ವಿ ವೇಟೆಡ್ ಪೇಷಂಟ್ಲಿ ನಿಯರ್ ದ ಪ್ಯಾಲೇಸ್ ಅಂಟಿಲ್ ದ ಎಲಿಫೆಂಟ್ಸ್ ಕೇಮ್.’ ‘ಪೇಷಂಟ್ಲಿ’ ಆಡ್ವರ್ಬ್, ‘ನಿಯರ್’ ಪ್ರಿಪೊಸಿಷನ್, ‘ಅಂಟಿಲ್’ ಕಂಜಂಕ್ಷನ್. ಈಗ ನಮ್ಮ ಮೈಸೂರಿನವರು ಹೇಳುವಂತೆ ಹೇಳಿ: ಆನೆಗಳು ಬರುವವರೆಗೂ ಅರಮನೆ ಹತ್ತಿರ ತಾಳ್ಮೆಯಿಂದ ಕಾದೆವು. ಕ್ರಮ ಪೂರ್ತಿ ತಿರುಗುಮುರುಗು! ನಾವು ಕೊನೆಗೆ ಇಡುವ ‘ಕಾದೆವು’ ಅಲ್ಲಿ ಶುರುವಿನಲ್ಲೇ ಬರುತ್ತದೆ, ‘ಹತ್ತಿರ’, ‘ವರೆಗೂ’ ನಮ್ಮಲ್ಲಿ ಪದದ ನಂತರ ಬಂದರೆ ಇಂಗ್ಲಿಷಿನಲ್ಲಿ ಅದಕ್ಕೂ ಮೊದಲೇ ನಿಲ್ಲುತ್ತವೆ. ದಿನಾ ಇಂಥ ನಾಲ್ಕೈದು ವಾಕ್ಯ ಎರಡೂ ಭಾಷೆಯಲ್ಲಿ ಜೋರಾಗಿ ಹೇಳಿ ನೋಡಿ, ನಿಯಮ ಉರು ಹೊಡೆಯುವುದಕ್ಕಿಂತ ಬೇಗ ಹಿಡಿತಕ್ಕೆ ಸಿಗುತ್ತದೆ.