ಕೇಕು ಮನೆಯದ್ದೇ ಇರಲಿ, ಕೆಲಸ ಅಮ್ಮನೊಬ್ಬಳದ್ದೇ ಬೇಡ

ಪತ್ರದ ಸಾರ: ಕೊಪ್ಪಳದ ಭಾಗ್ಯನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಮೇ ಕೊನೆಯ ವಾರ ಅವರ ಮಗಳಿಗೆ ನಾಲ್ಕು ತುಂಬುತ್ತದೆ. ಓಣಿಯಲ್ಲಿ ಈಚೆಗೆ ಎಲ್ಲರೂ ಹಾಲ್ ಹಿಡಿದು, ಬಲೂನಿನ ಕಮಾನು ಕಟ್ಟಿಸಿ ಬರ್ತ್‌ಡೇ ಮಾಡುತ್ತಿದ್ದಾರಂತೆ. ಇವರಿಗೆ ಮನೆಯಲ್ಲೇ ಮಾಡುವ ಆಸೆ, ಜನ ಜಿಪುಣರು ಅಂದಾರು ಎಂಬ ಅಳುಕು. ಮನೆಯಲ್ಲಿ ಓವನ್ ಇಲ್ಲ. ಮೇಣದಬತ್ತಿ ಊದಿ ಆರಿಸುವುದು ಅತ್ತೆಗೆ ಸುತಾರಾಂ ಒಪ್ಪಿಗೆ ಇಲ್ಲ. ಮಗಳಿಗೆ ಗೊಂಬೆ ಕೇಕೇ ಬೇಕು. ತಾವು ಕೈಯಾರೆ ಮಾಡಬೇಕೆಂದುಕೊಂಡ ಕೆಲಸಗಳ ಪಟ್ಟಿಯನ್ನೂ ಜೊತೆಗೆ ಕಳಿಸಿದ್ದಾರೆ. ಅದು ಒಂದು ಪೂರ್ತಿ ಹಾಳೆ ಇದೆ.

ಸಂಪಾದಕರ ಉತ್ತರ:

ತಂಗೀ, ನಿಮ್ಮ ಪಟ್ಟಿ ಓದಿ ನನಗೇ ಸುಸ್ತಾಯಿತು. ಹಾಲ್ ಬೇಡ ಅಂದಿದ್ದು ಒಳ್ಳೆಯದೇ. ಆದರೆ ಹಾಲ್‌ನವರು ಹತ್ತು ಜನ ಸೇರಿ ಮಾಡುವ ಕೆಲಸವನ್ನು ನೀವೊಬ್ಬರೇ ಹೊತ್ತುಕೊಂಡಿದ್ದೀರಿ. ಪಟ್ಟಿಯ ತುಂಬ 'ನಾನು' ಇದೆ. ನಿಮ್ಮ ಯಜಮಾನರ ಹೆಸರು ಬಂದಿರುವುದು ಒಂದೇ ಕಡೆ, 'ಫೋಟೋ ತೆಗೆಯುವುದು' ಎಂಬಲ್ಲಿ. ಮಗಳ ಹೆಸರಂತೂ ಎಲ್ಲೂ ಇಲ್ಲ.

ಮೊದಲು ಜನರ ಮಾತು ಮುಗಿಸಿಬಿಡೋಣ. ಜಿಪುಣರು ಅನ್ನುವವರು ಹಾಲ್‌ನಲ್ಲಿ ಮಾಡಿದರೂ ಪಲ್ಯಕ್ಕೆ ಉಪ್ಪು ಕಡಿಮೆ ಅಂದೇ ಅನ್ನುತ್ತಾರೆ. "ಸಂಜಿಕೆ ಆರತಿ ಐತ್ರಿ, ಮಕ್ಕಳನ್ನ ಕಳಿಸ್ರಿ" ಅಂತ ನಾಲ್ಕು ಮನೆಗೆ ನೀವೇ ಹೋಗಿ ಕರೆಯಿರಿ. ಸಾಕು.

ನಿಮ್ಮ ಅತ್ತೆ "ನಮ್ಮ ಕಾಲದಾಗ ಯಾವ ಬರ್ತ್‌ಡೇ" ಅಂದರಲ್ಲ, ಅವರು ಹೇಳಿದ್ದು ನಿಜ. ನಮ್ಮ ಕಡೆ ಹಳಬರ ದಾಖಲೆ ತೆಗೆದು ನೋಡಿ, ಎಷ್ಟೋ ಜನ ಹುಟ್ಟಿದ್ದು ಜೂನ್ 1ಕ್ಕೆ! ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದ ತಾರೀಖು ಅದು. ಅಸಲಿ ದಿನವನ್ನು ಮನೆಯವರು ಮಳೆ, ಹಬ್ಬ, ಜಾತ್ರೆಯ ಮೇಲೆ ನೆನಪಿಟ್ಟುಕೊಳ್ಳುತ್ತಿದ್ದರು. ಹಾಗಾಗಿ ಅತ್ತೆಯವರನ್ನು ಒಪ್ಪಿಸುವ ಗೋಜಿಗೆ ಹೋಗಬೇಡಿ. ಅವರಿಗೊಂದು ಕೆಲಸ ಕೊಡಿ. ಗೋಧಿ ಹುಗ್ಗಿ ಅವರ ಪಾಲಿಗಿರಲಿ.

ಅವರಿಗೆ ಇನ್ನೂ ದೊಡ್ಡ ಕೆಲಸ ಒಂದಿದೆ. ಮಕ್ಕಳೆಲ್ಲ ಕೂತ ಮೇಲೆ, ಈ ಹುಡುಗಿ ಹುಟ್ಟಿದ ದಿನದ ಕಥೆಯನ್ನು ಅಜ್ಜಿಯೇ ಹೇಳಲಿ. ಆಟೋ ಕರೆಯಲು ಓಡಿದವರು ಯಾರು, ಆಸ್ಪತ್ರೆ ಬಾಗಿಲಲ್ಲಿ ಅಪ್ಪ ಏನು ಮಾಡುತ್ತಿದ್ದ, ಮೊದಲು ಎತ್ತಿಕೊಂಡವರು ಯಾರು, ಕೂಸು ಎಷ್ಟು ಅತ್ತಿತು, ಬಾಣಂತಿಗೆ ಮೊದಲ ತುತ್ತು ಉಣ್ಣಿಸಿದವರು ಯಾರು. ಇದನ್ನು ಯಾವ ಅಂಗಡಿಯಲ್ಲೂ ಕೊಳ್ಳೋಕೆ ಆಗಲ್ಲ. ನಾಲ್ಕು ವರ್ಷದ ಮಕ್ಕಳು ತಮ್ಮ ಕಥೆಯನ್ನು ಎಷ್ಟು ಸಲ ಬೇಕಾದರೂ ಕೇಳುತ್ತಾರೆ. ಒಂದು ಮಾತು ಬಿಟ್ಟರೆ ಅವರೇ ತಿದ್ದುತ್ತಾರೆ. ಯಜಮಾನರು ಫೋಟೋ ಬಿಟ್ಟು ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡಲಿ.

ಇನ್ನು ದೀಪದ ಜಗಳ. ಇದರಲ್ಲಿ ನಾನು ಅತ್ತೆಯ ಕಡೆ. ಶಾಸ್ತ್ರದ ಮಾತು ಪಕ್ಕಕ್ಕಿರಲಿ, ನನ್ನ ಚಿಂತೆ ಬೆಂಕಿಯದು. ಈಚೆಗೆ ಬರ್ತ್‌ಡೇಗೆ ಬಿಳಿ ನೊರೆ ಚಿಮ್ಮಿಸುವ ಡಬ್ಬಿ ತರುತ್ತಾರಲ್ಲ, ಅದರಲ್ಲಿ ಹೊತ್ತಿಕೊಳ್ಳುವ ಅನಿಲ ಇರುತ್ತದೆ. ಎದುರಿಗೆ ಉರಿಯುವ ಮೇಣದಬತ್ತಿ, ಮೈಮೇಲೆ ನೈಲಾನ್ ಫ್ರಾಕು. ಯೋಚನೆ ಮಾಡಿ. ಜಾತ್ರೆಯಲ್ಲಿ ಮಾರುವ, ಮೇಲಕ್ಕೆ ಹಾರುವ ಬಲೂನಿಗೆ ಕೆಲವರು ಹೈಡ್ರೋಜನ್ ತುಂಬುತ್ತಾರೆ. ಕಿಡಿ ತಾಗಿದರೆ ಅದೂ ಭಗ್ ಅನ್ನುತ್ತದೆ. ಈ ಎರಡೂ ನಿಮ್ಮ ಮನೆ ಹೊಸ್ತಿಲು ದಾಟುವುದು ಬೇಡ. ಬಾಯಲ್ಲಿ ಊದಿದ ಸಾದಾ ಬಲೂನು ಇದ್ದರೆ ಒಡೆದ ಚೂರುಗಳನ್ನು ಕೂಡಲೇ ಆಯ್ದುಬಿಡಿ, ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬೆಳಿಗ್ಗೆ ಎಣ್ಣೆ ನೀರು ಹಾಕಿ ಮುಗಿಸಿ. ಸಂಜೆ ನಾಲ್ಕು ಹಣತೆ ಎತ್ತರದ ಮಾಡಿನಲ್ಲಿಡಿ. ಅಜ್ಜಿ ಮಗುವಿನ ಕೈ ಹಿಡಿದು ಹಚ್ಚಿಸಲಿ, ಆಮೇಲೆ ಆರತಿ. ಏನಾದರೂ ಊದಲೇಬೇಕು ಅಂತ ಮಗಳು ಹಟ ಹಿಡಿದರೆ ಒಂದು ಪೀಪಿ ಕೊಡಿ. ಓಣಿಯ ಮಕ್ಕಳಿಗೆಲ್ಲ ಕೊಟ್ಟರೆ ನಿಮ್ಮ ಕಿವಿಗೆ ದೇವರೇ ಗತಿ.

ಕೇಕಿಗೆ ಬರೋಣ. ಓವನ್ ಬೇಕಾಗಿಲ್ಲ. ಒಳ್ಳೆ ಕುಕ್ಕರನ್ನು ಒಣಗಿಸಿ ಸುಡಬೇಡಿ, ಹಳೆಯದೊಂದು ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ತಳಕ್ಕೆ ಒಂದು ಬೆರಳು ದಪ್ಪ ಉಪ್ಪು ಹರಡಿ, ಮೇಲೆ ಲೋಹದ ಸಿಂಬಿ ಅಥವಾ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ. ಅಷ್ಟರಲ್ಲಿ ಒಂದು ಬಟ್ಟಲು ಗಟ್ಟಿ ಮೊಸರಿಗೆ ಮುಕ್ಕಾಲು ಬಟ್ಟಲು ಸಕ್ಕರೆ ಹಾಕಿ ಕರಗುವ ತನಕ ಕಲಸಿ. ಅದಕ್ಕೆ ಒಂದೂಕಾಲು ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಡಿ. ಮೊಸರು ಉಬ್ಬಿ ಬುರುಗು ಬರುತ್ತದೆ. ಇದನ್ನು ನೋಡಲು ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ, ಅವಳಿಗೆ ಇದು ಜಾದೂ. ಆಮೇಲೆ ಅರ್ಧ ಬಟ್ಟಲು ಎಣ್ಣೆ, ಎರಡು ಏಲಕ್ಕಿಯ ಪುಡಿ, ಕೊನೆಗೆ ಜರಡಿ ಹಿಡಿದ ಒಂದೂವರೆ ಬಟ್ಟಲು ಮೈದಾ. ಗಂಟಿಲ್ಲದ ಹಾಗೆ ಕಲಸಿದರೆ ಸಾಕು, ಜಾಸ್ತಿ ತಿರುವಿದರೆ ಕೇಕು ಬಿರುಸಾಗುತ್ತದೆ. ಎಣ್ಣೆ ಸವರಿದ ಪಾತ್ರೆಗೆ ಸುರಿದು ಒಳಗಿಟ್ಟು ಮುಚ್ಚಿ. ಸಣ್ಣ ಉರಿಯಲ್ಲಿ ನಲವತ್ತು, ನಲವತ್ತೈದು ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದು ಇಣುಕಬೇಡಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬಂದರೆ ಆಯಿತು. ಹಿಂದಿನ ರಾತ್ರಿಯೇ ಮಾಡಿಟ್ಟುಬಿಡಿ. ನಮ್ಮ ಮೇ ತಿಂಗಳ ಹಗಲಲ್ಲಿ ಒಲೆ ಮುಂದೆ ನಿಲ್ಲುವುದು ಶಿಕ್ಷೆ, ಅಲ್ವಾ?

ಕ್ರೀಮ್ ಬೇಡವೇ ಬೇಡ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದು ಮಾಮೂಲಿ. ಅಂಗಡಿಯ ಚಿತ್ರ ನೋಡಿ ಕ್ರೀಮಿನ ಗುಲಾಬಿ ಹಾಕಿದರೆ ಹಾಡು ಮುಗಿಯುವ ಮೊದಲೇ ಅದು ತಟ್ಟೆಗೆ ಇಳಿದಿರುತ್ತದೆ.

ತಿಂಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಂಡಾಳ ಒಗ್ಗರಣಿ ನಿಮ್ಮ ಯಜಮಾನರ ಪಾಲಿಗೆ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ ಅಷ್ಟೇ ಮಕ್ಕಳನ್ನು ಕರೆಯಬೇಕು ಅಂತ ಪಟ್ಟಣದವರು ಲೆಕ್ಕ ಹೇಳುತ್ತಾರೆ. ಓಣಿಯಲ್ಲಿ ಅದು ನಡೆಯಲ್ಲ. ಐವರನ್ನು ಕರೆದರೆ ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಹದಿನೈದು ಮಕ್ಕಳು ಬರುತ್ತಾರೆ. ಮಂಡಾಳಾದರೆ ಇನ್ನೊಂದು ಸೇರು ಕಲಸಿದರೆ ಮುಗೀತು. ಮಕ್ಕಳ ಪಾಲಿಗೆ ಹಸಿಮೆಣಸಿನಕಾಯಿ ಬಿಡಿ, ಪುಟಾಣಿ ಪುಡಿ ಜಾಸ್ತಿ ಹಾಕಿ. ಇಡೀ ಶೇಂಗಾ ಸಣ್ಣವರ ಗಂಟಲಿಗೆ ಅಪಾಯ, ಕುಟ್ಟಿ ಹಾಕಿ. ಶೇಂಗಾ ಆಗಿಬರದ ಮಗು ಇದೆಯಾ ಅಂತ ಅವರ ತಾಯಂದಿರನ್ನು ಒಮ್ಮೆ ಕೇಳಿ. ಕುಡಿಯಲು ಲಿಂಬು ಶರಬತ್ತು, ಮಡಕೆ ನೀರಿನದು.

ಅಲಂಕಾರ ಪೂರ್ತಿ ಮಗಳಿಗೆ ಬಿಟ್ಟುಕೊಡಿ. ಇದು ಲಗ್ನದ ಸೀಸನ್, ಮನೆಯಲ್ಲಿ ಲಗ್ನಪತ್ರಿಕೆಗಳ ರಾಶಿಯೇ ಬಿದ್ದಿರುತ್ತದೆ. ದಪ್ಪ ಹಾಳೆ, ಬಂಗಾರದ ಅಂಚು, ಗಣಪತಿ ಚಿತ್ರ. ಉದ್ದ ಪಟ್ಟಿ ಕತ್ತರಿಸಿ ತಲೆಯ ಅಳತೆಗೆ ಅಂಟಿಸಿದರೆ ಕಿರೀಟ. ಮೇಲೆ ಮಿನುಗು ಚೂರು ಅಂಟಿಸುವುದು ಅವಳ ಕೆಲಸ. ಎರಡು ಚಮಚ ಮೈದಾವನ್ನು ಒಂದು ಲೋಟ ನೀರಲ್ಲಿ ಕುದಿಸಿದರೆ ಅಂಟು ತಯಾರು. ನಿಮ್ಮ ಹತ್ತಿರದ ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಅಂಟಿನಿಂದಲೇ ಹಗುರ ಮರದ ತುಂಡುಗಳನ್ನು ಕೂಡಿಸಿ ಗೊಂಬೆ ಮಾಡುತ್ತಾರೆ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ, ಉಡುಗೊರೆಯೂ ಅಲ್ಲೇ ಸಿಗುತ್ತದೆ. ಕಿರೀಟ ಸೊಟ್ಟ ಆಗುತ್ತದೆ, ಅಂಟು ಕೂದಲಿಗೂ ಹತ್ತುತ್ತದೆ. ಅವಳು ಮಲಗಿದ ಮೇಲೆ ಬಿಚ್ಚಿ ನೆಟ್ಟಗೆ ಮಾಡಲು ಮಾತ್ರ ಹೋಗಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಗೋಡೆಗೆ ನಿಮ್ಮದೇ ಒಂದು ಹಳೆ ಸೀರೆ ಇಳಿಬಿಟ್ಟು, ಬಾಗಿಲಿಗೆ ಚೆಂಡುಹೂವಿನ ಮಾಲೆ ಹಾಕಿ.

ಬಂದ ಮಕ್ಕಳ ಕೈಗೆ ಎರಡೆರಡು ಶೇಂಗಾ ಉಂಡಿ, ಶೇಂಗಾ ಆಗದವರಿಗೆ ರವೆ ಉಂಡಿ. ಮಾರನೇ ದಿನ ಮುರಿಯುವ ಪ್ಲಾಸ್ಟಿಕ್ ಆಟಿಕೆ ಸುಮ್ನೆ ದಂಡ.

ಕೊನೆಗೆ ಗೊಂಬೆ ಕೇಕು. ಆಗುತ್ತದೆ. ಮೇಲೆ ಹೇಳಿದ ಹಿಟ್ಟನ್ನೇ ದುಂಡು ತಳದ ಸ್ಟೀಲ್ ಬೋಗುಣಿಯಲ್ಲಿ ಬೇಯಿಸಿ, ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು. ಪೂರ್ತಿ ಆರಿದ ಮೇಲೆ ಕವುಚಿ ಹಾಕಿದರೆ ಅದೇ ಗೊಂಬೆಯ ಲಂಗ. ಚಿಕ್ಕ ಗೊಂಬೆ ಆರಿಸಿ, ಬಾರ್ಬಿಯಂಥ ಉದ್ದ ಗೊಂಬೆಯ ಕಾಲು ಅಷ್ಟು ಎತ್ತರದ ಕೇಕಿನಲ್ಲಿ ಮುಳುಗುವುದಿಲ್ಲ. ಚೆನ್ನಾಗಿ ತೊಳೆದು, ಸೊಂಟದ ಕೆಳಗೆ ಶುಭ್ರ ಪ್ಲಾಸ್ಟಿಕ್ ಸುತ್ತಿ, ನಡುವೆ ಕೊರೆದ ತೂತಿನಲ್ಲಿ ನಿಲ್ಲಿಸಿ. ಲಂಗಕ್ಕೆ ತೆಳುವಾಗಿ ಬೆಲ್ಲದ ಪಾಕ ಸವರಿ. ಒಣ ಕೊಬ್ಬರಿ ತುರಿಗೆ ಒಂದು ಚಮಚ ಬೀಟ್‌ರೂಟ್ ರಸ ಹಾಕಿ ಕೈಯಾಡಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಅದನ್ನು ಮೇಲೆ ಉದುರಿಸುವುದು ಮಗಳ ಕೆಲಸ. ಅರ್ಧ ಅವಳ ಬಾಯಿಗೆ ಹೋಗುತ್ತದೆ, ಹಾಗಾಗಿ ಎರಡು ಬಟ್ಟಲು ತುರಿದಿಡಿ. ಕಿನ್ನಾಳದ ಗೊಂಬೆ ತಂದರೆ ಅದನ್ನು ಮಾತ್ರ ಕೇಕಿನಲ್ಲಿ ನಿಲ್ಲಿಸಬೇಡಿ. ಅದು ಬಣ್ಣ ಬಳಿದ ಮರ, ಪಕ್ಕದಲ್ಲಿ ಮಣೆಯ ಮೇಲೆ ಕೂರಲಿ.

ನಾಲ್ಕು ತುಂಬುವ ಪುಟ್ಟಿಗೆ ಕಚೇರಿಯ ಎಲ್ಲರ ಹಾರೈಕೆ ತಿಳಿಸಿ. ಅತ್ತೆಯವರಿಗೆ ನನ್ನ ನಮಸ್ಕಾರ.

– ಸಂಪಾದಕಿ