ತುಮಕೂರಿನ ಗಾಳಿ ಸರಿಮಾಡೋಕೆ ಬೆಂಗಳೂರಿನ ಜೊತೆ ಮಾತಾಡಬೇಕಾ?

ಬೇಕೇ ಬೇಕು. ನಮ್ಮ ಮನೆ ಹೆದ್ದಾರಿ ಪಕ್ಕ. ಬೆಳಿಗ್ಗೆ ಒರೆಸಿದ ಕಿಟಕಿ ಸರಳಿಗೆ ಸಂಜೆ ಬೆರಳಿಟ್ಟರೆ ಕಪ್ಪು ಮಸಿ. ಆ ಲಾರಿಗಳೆಲ್ಲ ನಮ್ಮೂರಿನವಲ್ಲ. ಬೆಂಗಳೂರು, ನೆಲಮಂಗಲ ದಾಟಿ ಪುಣೆ ಕಡೆ ಹೋಗುವವೂ ಇರುತ್ತವೆ.

ಹಾಗಂತ ಸುಮ್ನೆ ಬೆಂಗಳೂರನ್ನೇ ದೂರಬಾರದು. ಗಾಳಿ ಮಾಪನ ಕೇಂದ್ರದ ಗಂಟೆಗಂಟೆಯ ಅಂಕಿಗಳನ್ನು ನೋಡಬೇಕು. ಪಿಎಂ 10 (ಗಾಳಿಯಲ್ಲಿ ತೇಲುವ ಸಣ್ಣ ಕಣಗಳು) ಮಾತ್ರ ಏರಿದರೆ ಹೆಚ್ಚಾಗಿ ರಸ್ತೆ, ಕಟ್ಟಡದ ಧೂಳು. ಇನ್ನೂ ಸಣ್ಣ ಕಣಗಳಾದ ಪಿಎಂ 2.5 ಕೂಡ ಜಾಸ್ತಿಯಾದರೆ ಹೊಗೆಯ ಮೇಲೆ ಅನುಮಾನ: ಡೀಸೆಲ್, ಸುಟ್ಟ ಕಸ. ಈ ಪಿಎಂ 2.5 ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ನನಗೆ ಹೆಚ್ಚು ಭಯ ಇದರದ್ದೇ. ನಮ್ಮ ದೇಶದಲ್ಲಿ ಇದರ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಗಾಳಿ ಬೀಸುವ ದಿಕ್ಕನ್ನೂ ಜೊತೆಗಿಟ್ಟು ಎರಡೂ ಊರಿನ ಅಂಕಿ ಹೋಲಿಸಿದರೆ, ಯಾವುದು ಹೊರಗಿಂದ ಬಂದದ್ದು, ಯಾವುದು ಇಲ್ಲಿಯದೇ ಅನ್ನೋ ಸುಳಿವು ಸಿಗುತ್ತದೆ. ಕಸ ಸುಡೋದನ್ನು ನಮ್ಮ ಪಾಲಿಕೆಯೇ ನಿಲ್ಲಿಸಬಹುದು. ಲಾರಿ ಹೊಗೆಗೆ ಮಾತ್ರ ಎರಡೂ ಜಿಲ್ಲೆಯವರು ಒಟ್ಟಿಗೆ ಕೂರಬೇಕು. ಆಯ್ದ ನಗರಗಳ ಗಾಳಿ ಸುಧಾರಿಸೋಕೆ ಕೇಂದ್ರ ಸರ್ಕಾರ 2019ರಲ್ಲಿ ಶುರುಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರಿದೆ, ತುಮಕೂರಿಲ್ಲ. ಅದಕ್ಕೇ ಒಟ್ಟಿಗೆ ಕೂರೋಣ ಅಂತ ನಾವೇ ಮೊದಲು ಕೇಳಬೇಕು, ಅಲ್ವಾ?